ಮಾಳವ್ವನ ಪಾಲಿನ ಬಾಟಲಿ

ಮುಶಿಗೇರಿಯ ಮಾಳವ್ವ ಬೆಣ್ಣೆ ಕಾಸುವ ದಿನ ಅವರ ಓಣಿಯಲ್ಲಿ ಯಾರೂ ಜಗಳಾಡುತ್ತಿರಲಿಲ್ಲವಂತೆ. ಬಾಯಿ ತೆರೆದು ಕೂಗುತ್ತ ನಿಂತರೆ ಮೂಗಿಗೆ ಬರುವ ವಾಸನೆ ತಪ್ಪೀತೆಂದು. ಇದು ಅವಳ ತಮ್ಮ ಕರೆಪ್ಪನ ಮಾತು. ಕರೆಪ್ಪ ಹೇಳಿದ್ದರಲ್ಲಿ ಅರ್ಧ ಬಿಟ್ಟು ಉಳಿದದ್ದನ್ನು ನಂಬಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಆ ಉಳಿದರ್ಧಕ್ಕೆ ಮಾತ್ರ ನನ್ನ ನಾಲಿಗೆಯೇ ಸಾಕ್ಷಿ. ಗಜೇಂದ್ರಗಡದಲ್ಲಿ ನಮ್ಮ ಮನೆಗೆ ಅವಳದೇ ತುಪ್ಪ ಬರುತ್ತಿತ್ತು. ಹೆರೆದುಕೊಂಡರೆ ಮರಳು ಮರಳಾಗಿ ಬೆರಳಿಗಂಟುವ, ಬಿಸಿ ರೊಟ್ಟಿಯ ಮೇಲೆ ಹಾಕಿದೊಡನೆ ಮಾತಿಲ್ಲದೆ ಒಳಗಿಳಿಯುವ ತುಪ್ಪ.

ಅವಳು ಕುಳ್ಳಗೆ, ಕರ್ರಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ವಯಸ್ಸು ಎಷ್ಟೆಂದು ಕೇಳಿದರೆ, "ದೊಡ್ಡ ಬರ ಬಿದ್ದಾಗ ನಡ್ಯಾಕ ಕಲ್ತಿದ್ನಂತ, ನೀವ ಲೆಕ್ಕಾ ಹಾಕ್ರಿ" ಎನ್ನುತ್ತಿದ್ದಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಮೂರು ಎಮ್ಮೆ, ಒಬ್ಬ ತಮ್ಮ, ಒಬ್ಬ ಮಗಳು, ಇಷ್ಟೇ ಸಂಸಾರ. ಹೊತ್ತು ಮೂಡುವಾಗ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಗಡಿಗೆ ಇಟ್ಟುಕೊಂಡು ಹೊರಟರೆ ಬಿಸಿಲೇರುವ ಹೊತ್ತಿಗೆ ನಮ್ಮೂರಿನ ಅಗಸಿ ಬಾಗಿಲು ಮುಟ್ಟುತ್ತಿದ್ದಳು. ಮನೆಯಿಂದ ಮನೆಗೆ ತಿರುಗಿ ಮಾರಿ, ಖಾಲಿ ಗಡಿಗೆ ಹೊತ್ತು ನಡೆದೇ ಹೋಗುತ್ತಿದ್ದಳು. ಹೀಗೆ ಇಪ್ಪತ್ತು ವರ್ಷ.

ಮಗಳು ರೇಣವ್ವನಿಗೆ ಮೂರು ವರ್ಷದವಳಿದ್ದಾಗ ಜ್ವರ ಬಂದು, ಹೋಗುವಾಗ ಎಡಗಾಲಿನ ಶಕ್ತಿಯನ್ನು ಕಟ್ಟಿಕೊಂಡು ಹೋಗಿತ್ತು. ನಾನು ಹೇಳುತ್ತಿರುವ ಕಾಲಕ್ಕೆ ಅವಳಿಗೆ ಹತ್ತೊಂಬತ್ತು. ಕುಳಿತಲ್ಲಿ ರಾಣಿಯಂಥ ಹುಡುಗಿ. ಎದ್ದರೆ ಗೋಡೆ ಬೇಕು. ಹೆಣ್ಣು ನೋಡಲು ಬಂದವರು ಕುಳಿತಿರುವಷ್ಟು ಹೊತ್ತು ಹೊಗಳಿ, ಅವಳು ಎದ್ದೊಡನೆ ತಮಗೆ ಬೇರೆ ಊರಲ್ಲಿ ಕೆಲಸವಿರುವುದನ್ನು ನೆನಪು ಮಾಡಿಕೊಳ್ಳುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೈದರ ಮಳೆಗಾಲದಲ್ಲಿ ಒಂದು ದಿನ ಮಾಳವ್ವ ಮುನ್ಸಿಪಾಲಿಟಿಯ ಕಟ್ಟೆ ಹತ್ತಿದಳು. ನಾನಾಗ ಅಲ್ಲಿ ಕಾರಕೂನ. ಇದ್ದ ಮೂವರು ಕಾರಕೂನರಲ್ಲಿ ಕಾಯದೆ ಬಲ್ಲವನು ನಾನೊಬ್ಬನೇ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಉಳಿದಿಬ್ಬರಿಗೆ ಇದು ತಿಳಿದಿರಲಿಲ್ಲ, ಅಷ್ಟೇ.

"ಕಾರಕೂನ್ರ, ಸಂತಿ ಮೂಲ್ಯಾಗ ಒಂದು ಕಟ್ಟಿ ಖಾಲಿ ಐತಲ್ರಿ, ಅದನ್ನ ನನಗ ಕೊಡಸ್ರಿ. ತುಪ್ಪದ ಅಂಗಡಿ ಹಾಕ್ತೀನಿ."

"ತಿರುಗಿ ಮಾರೂದು ಸಾಕಾತೇನು?"

"ನನಗ ಸಾಕಾಗಿಲ್ರಿ. ನನ್ನ ಕಾಲು ಇನ್ನೂ ಹತ್ತು ವರ್ಷ ಎಳೀತಾವು. ಆಮ್ಯಾಲ ರೇಣಿ ಗತಿ ಏನ್ರಿ? ಅಕಿ ತಿರುಗಿ ಮಾರಾಕ ಆಗೂದಿಲ್ಲ. ಕುಂತು ಮಾರಾಕ ಆಕ್ಕೈತಿ. ಒಂದು ಕಟ್ಟಿ ಅಕಿ ಹೆಸರಿಗೆ ಆತಂದ್ರ ನಾ ಕಣ್ಣ ಮುಚ್ಚಾಕ ಹಗುರಾಕ್ಕೈತಿ."

ಮಾತು ಇಷ್ಟೇ. ಇದಕ್ಕೆ ಕೊಡಬೇಕಾದ ಉತ್ತರವೂ ಸಣ್ಣದೇ ಇತ್ತು. ಆದರೆ ಕಲಬೆರಕೆ ತಡೆಯುವ ಹೊಸ ಕಾಯದೆ ಆ ವರ್ಷವೇ ಜಾರಿಗೆ ಬಂದಿತ್ತು. ಅದರ ಪುಸ್ತಕ ನಮ್ಮ ಕಚೇರಿಗೆ ಬಂದು ಹದಿನೈದು ದಿನವಾಗಿತ್ತು. ಹದಿನೈದು ದಿನದಿಂದ ಅದನ್ನು ಯಾರ ಮೇಲಾದರೂ ಪ್ರಯೋಗಿಸಬೇಕೆಂದು ನನ್ನ ಕೈ ತುರಿಸುತ್ತಿತ್ತು. ನಾನು ಕನ್ನಡಕ ಏರಿಸಿಕೊಂಡು, ತಿನ್ನುವ ಸಾಮಾನು ಮಾರುವ ಅಂಗಡಿಗೆ ಏನೇನು ಬೇಕೆಂದು ಒಂದೊಂದಾಗಿ ಹೇಳತೊಡಗಿದೆ. ಗೋಡೆಗೆ ಸುಣ್ಣ. ನೆಲಕ್ಕೆ ಕಲ್ಲು. ನೊಣ ಹೋಗದ ಹಾಗೆ ತಂತಿಜಾಳಿಗೆಯ ಕಪಾಟು. ಮುಚ್ಚಳವಿದ್ದ ಕಲಾಯಿ ಪಾತ್ರೆ. ಸರಕಾರಿ ಮುದ್ರೆ ಬಿದ್ದ ತೂಕದ ಕಲ್ಲು. ಮಾರುವವರಿಗೆ ಅಂಟುಜಾಡ್ಯವಿಲ್ಲವೆಂದು, ಸಿಡುಬು ಬಾರದಂತೆ ದೇವಿ ಹಾಕಿಸಿಕೊಂಡಿದ್ದಾರೆಂದು ದವಾಖಾನೆಯ ಡಾಕ್ಟರರ ದಾಖಲೆ. ಇಂಥದೇ ತುಪ್ಪವೆಂದು ಬರೆದ ಹಲಗೆ. ಪರವಾನಗಿಯನ್ನು ಗಿರಾಕಿಗೆ ಕಾಣುವ ಹಾಗೆ ತೂಗುಹಾಕಬೇಕು. ಅಂಗಡಿಯಲ್ಲಿ ಉಗುಳಬಾರದು.

ಮಾಳವ್ವ ಕೊನೆಯ ತನಕ ಕೇಳಿ, "ಇಷ್ಟ ಸ್ವಚ್ಛ ನಮ್ಮ ದೇವರ ಖೋಲೀನೂ ಇಲ್ರಿ" ಎಂದಳು. ನಂತರ ಕೇಳಿದಳು: "ಉಗುಳಬಾರ್ದು ಅಂಬೂದು ಬರೇ ನಮಗಷ್ಟೋ, ಅಧ್ಯಕ್ಷರಿಗೂ ಐತ್ರಿ?"

ನಮ್ಮ ಅಧ್ಯಕ್ಷ ಪ್ರಭುಲಿಂಗಪ್ಪನವರು ಎಲೆ-ಅಡಿಕೆ ಹಾಕಿಕೊಂಡು, ಕಚೇರಿಯ ನಾಲ್ಕೂ ಮೂಲೆಗಳಿಗೆ ಸಮಾನ ನ್ಯಾಯ ಒದಗಿಸುತ್ತಿದ್ದವರು. ನಾನು ಪ್ರಶ್ನೆಯನ್ನು ಕಡತದಲ್ಲಿ ಬರೆದುಕೊಳ್ಳಲಿಲ್ಲ.

ಅವಳು ಮಾತ್ರ ಎಲ್ಲವನ್ನೂ ಮಾಡಿದಳು. ಗೋಡೆಗೆ ತಾನೇ ಸುಣ್ಣ ಬಳಿದಳು. ಬಡಿಗನಿಂದ ಕಪಾಟು ಮಾಡಿಸಿದಳು. ಮಗಳನ್ನು ಕರೆಪ್ಪನ ಚಕ್ಕಡಿಯಲ್ಲಿ ಕೂರಿಸಿಕೊಂಡು ದವಾಖಾನೆಗೆ ತಂದು ತೋಳು ತೋರಿಸಿದಳು. ಅರ್ಜಿ ಕಮಿಟಿಯ ಮುಂದೆ ಬಂದಾಗ ಒಬ್ಬ ಮೆಂಬರರು ಗಂಟಲು ಸರಿಪಡಿಸಿಕೊಂಡು, ಸಂತೆ ಹೊಗುವಲ್ಲೇ ಕುಂಟಿ ಕುಳಿತಿದ್ದರೆ ವ್ಯಾಪಾರಸ್ಥರಿಗೆ ಶಕುನ ಹೇಗೋ ಏನೋ, ಕಾಯದೆಯಲ್ಲಿ ಇದಕ್ಕೇನಾದರೂ ಇದೆಯೇ ಎಂದು ಕೇಳಿದರು. ನಾನು ಪುಸ್ತಕವನ್ನು ಬೇಕೆಂದೇ ನಿಧಾನವಾಗಿ ತಿರುವಿಹಾಕಿ, "ಕೈ ತೊಳದಿರಬೇಕು ಅಂತ ಐತ್ರಿ. ಕಾಲಿಂದು ಏನೂ ಬರದಿಲ್ಲ" ಎಂದೆ. ನನ್ನ ನೌಕರಿಯಲ್ಲಿ ಕಾಯದೆಯಿಂದ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಪರವಾನಗಿ ಬಂತು. ಹೆಸರು: ರೇಣವ್ವ ಮತ್ತು ತಾಯಿ ಮಾಳವ್ವ. ಅಂಗಡಿ ತೆರೆದ ದಿನ ಪ್ರಭುಲಿಂಗಪ್ಪನವರು ಶುದ್ಧತೆಯ ಬಗ್ಗೆ ಭಾಷಣ ಮಾಡಿದರು. ಅವರು ದೇಹಶುದ್ಧಿಯಿಂದ ಶುರುಮಾಡಿ ಮನಶ್ಶುದ್ಧಿಗೆ ಬರುವಷ್ಟರಲ್ಲಿ ಬಿಸಿಲಿಗೆ ತುಪ್ಪ ಕರಗಿ ನೀರಾಗಿತ್ತು. ರೇಣವ್ವ ಹೊಸ ಇಳಕಲ್ ಸೀರೆ ಉಟ್ಟು ತಕ್ಕಡಿಯ ಹಿಂದೆ ಕುಳಿತಿದ್ದಳು. ಮೊದಲ ಗಿರಾಕಿ ನಾನೇ. ಅವಳು ತೂಕ ಹಿಡಿದ ರೀತಿ ನೋಡಬೇಕಿತ್ತು. ಮುಳ್ಳು ನಡುವೆ ನಿಂತ ಮೇಲೂ ಇನ್ನೊಂದು ಚಮಚ ಹಾಕಿ, "ಇದು ಕಾಯದೆದಾಗ ಇಲ್ರಿ, ನಮ್ಮ ಕಡಿಂದ" ಎಂದಳು.

ಮೊದಮೊದಲು ವಾರಕ್ಕೆ ಮೂರು ದಿನ, ಆಮೇಲೆ ಗಿರಾಕಿ ಹೆಚ್ಚಿ ನಾಲ್ಕು ದಿನ ಅಂಗಡಿ ತೆರೆಯುತ್ತಿತ್ತು. ಬೆಳಿಗ್ಗೆ ಚಕ್ಕಡಿಯಲ್ಲಿ ಬರುವುದು, ಸಂಜೆ ಹೋಗುವುದು. ಏಳೆಂಟು ತಿಂಗಳು ಹೀಗೇ ನಡೆಯಿತು. ಮಾಳವ್ವ ಅಂಗಡಿಯೊಳಗೆ ಕುಳಿತುಕೊಳ್ಳುತ್ತಿರಲಿಲ್ಲ. ಎದುರಿನ ಬೇವಿನ ಗಿಡದ ಬುಡದಲ್ಲಿ ಕುಳಿತು ಮಗಳು ಮಾರುವುದನ್ನು ನೋಡುತ್ತಿದ್ದಳು. ಕೇಳಿದರೆ, "ನಾ ಇಲ್ಲದಾಗ ಹ್ಯಾಂಗ ಮಾರ್ತಾಳ ಅಂತ ನೋಡಾಕತ್ತೀನ್ರಿ" ಎನ್ನುತ್ತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ಜಿಲ್ಲೆಯಿಂದ ಆಹಾರ ಇನ್ಸ್‌ಪೆಕ್ಟರರು ಬಂದರು. ಖಾಕಿ ಕೋಟು, ಚರ್ಮದ ಚೀಲ, ಚೀಲದಲ್ಲಿ ಬಾಟಲಿಗಳು, ಅರಗು, ಹಿತ್ತಾಳೆಯ ಮುದ್ರೆ. ಮನುಷ್ಯ ಕೆಟ್ಟವರಲ್ಲ, ಕೈಯೊಡ್ಡುವವರಂತೂ ಅಲ್ಲವೇ ಅಲ್ಲ. ಮಾಳವ್ವ ಮಜ್ಜಿಗೆ ತಂದುಕೊಟ್ಟರೆ ಅದನ್ನೂ ಮುಟ್ಟಲಿಲ್ಲ. ಸಾಕ್ಷಿಗೆ ನಿಲ್ಲುವ ಪಂಚನೆಂದು ನನ್ನನ್ನು ಕರೆಸಿಕೊಂಡಿದ್ದರು. ನಾನು ಆ ದಿನ ಕರೀ ಟೋಪಿ ಹಾಕಿಕೊಂಡು ಹೋಗಿದ್ದೆ.

ಅವರು ತುಪ್ಪ ತೂಗಿಸಿಕೊಂಡು ಅದರ ಬೆಲೆ ಕೊಡಲು ಹೋದರು. ಮಾಳವ್ವ ಬೇಡವೆಂದಳು. "ಮನಿಗೆ ಬಂದ ಸಾಹೇಬ್ರ ಕಡೆ ರೊಕ್ಕಾ ಇಸ್ಕೊಳ್ಳೂದೇನ್ರಿ?" ಇನ್ಸ್‌ಪೆಕ್ಟರರು, ಕೊಂಡರೆ ಮಾತ್ರ ಅದು ನಮೂನೆಯಾಗುತ್ತದೆ, ಪುಕ್ಕಟೆ ತೆಗೆದುಕೊಂಡರೆ ಲಂಚವಾಗುತ್ತದೆ ಎಂದರು. ಕೊಡುತ್ತೇನೆ, ಒಲ್ಲೆ ಎಂದು ಇಬ್ಬರೂ ಹಟ ಹಿಡಿದು ನಿಂತಾಗ ರೇಣವ್ವ ಕೈಚಾಚಿ ಬೆಲೆ ತೆಗೆದುಕೊಂಡು ಜಗಳ ಮುಗಿಸಿದಳು.

ತುಪ್ಪವನ್ನು ಮೂರು ಬಾಟಲಿಗಳಲ್ಲಿ ಸಮನಾಗಿ ತುಂಬಿದರು. ಬಿರಡೆ ಹಾಕಿ, ದಾರ ಸುತ್ತಿ, ದೀಪಕ್ಕೆ ಹಿಡಿದು ಕರಗಿಸಿದ ಅರಗಿನ ಮೇಲೆ ಮುದ್ರೆ ಒತ್ತಿದರು. ಒಂದು ಪ್ರಯೋಗಶಾಲೆಗೆ, ಒಂದು ಇನ್ಸ್‌ಪೆಕ್ಟರರ ಹತ್ತಿರ, ಮೂರನೆಯದು ಮಾರಿದವರಿಗೆ. ಅದನ್ನು ಯಾಕೆ ಕೊಡುತ್ತಾರೆಂದು ತಿಳಿಸಿ ಹೇಳಿ ಎಂದು ಅವರು ನನ್ನತ್ತ ನೋಡಿದರು. ಸುತ್ತ ಅರ್ಧ ಸಂತೆ ನೆರೆದಿತ್ತು. ಇಂಥ ಅವಕಾಶ ನನ್ನಂಥವನಿಗೆ ಮತ್ತೆ ಯಾವಾಗ ಬರಬೇಕು? ನಾನು ಪುಸ್ತಕ ತೆರೆದು ಮೊದಲು ಇಂಗ್ಲಿಷಿನಲ್ಲಿ ಓದಿದೆ. ಆಮೇಲೆ ಕನ್ನಡದಲ್ಲಿ ಎತ್ತರದ ದನಿಯಲ್ಲಿ ಹೇಳಿದೆ: "ವಿಕ್ರಯದಾರರ ಭಾಗದ ಮುದ್ರಾಂಕಿತ ನಮೂನೆಯು ವಿಕ್ರಯದಾರರ ಸ್ವಾಧೀನದಲ್ಲಿರತಕ್ಕದ್ದು."

"ಹಂಗಂದ್ರೇನ್ರಿ?" ಎಂದಳು ಮಾಳವ್ವ.

"ಇದು ನಿಂದು. ಜ್ವಾಕಿ ಇಟ್ಕೋ."

ಅವಳು ಎರಡೂ ಕೈಯಲ್ಲಿ ಇಸಿದುಕೊಂಡಳು. ಬಾಟಲಿಯ ಅರಗು ಒಡೆಯಬೇಡ ಎಂಬ ಮಾತನ್ನು ನಾನು ಹೇಳಲಿಲ್ಲ. ಪುಸ್ತಕದಲ್ಲಿ ಅದು ಆ ರೂಪದಲ್ಲಿ ಇರಲಿಲ್ಲ. ಜೊತೆಗೆ, ಅಷ್ಟು ಸಣ್ಣ ಮಾತನ್ನು ಅಷ್ಟು ದೊಡ್ಡ ಸಭೆಯಲ್ಲಿ ಹೇಳುವುದು ನನಗೆ ತೋಚಲೂ ಇಲ್ಲ.

ಎರಡು ತಿಂಗಳಾದ ಮೇಲೆ ಪ್ರಯೋಗಶಾಲೆಯ ವರದಿ ಬಂತು. ತುಪ್ಪದಲ್ಲಿ ಇರಬೇಕಾದ ಒಂದು ಅಂಶ ನಿಯಮದಲ್ಲಿ ಹೇಳಿದ ಅಂಕಿಗಿಂತ ಕಡಿಮೆ ಇದೆ. ಆದ್ದರಿಂದ ಇದು ಕಲಬೆರಕೆ. ಇಂಥದ್ದನ್ನು ಬೆರೆಸಿದ್ದಾರೆ ಎಂದು ಅದರಲ್ಲಿರಲಿಲ್ಲ. ಆದರೆ ಕಾಯದೆಯ ಕಣ್ಣಿನಲ್ಲಿ ಕೆಳಗೆ ಬಿದ್ದದ್ದೂ ಕಲಬೆರಕೆ, ಬೆರೆಸಿದ್ದೂ ಕಲಬೆರಕೆ. ಎರಡಕ್ಕೂ ಒಂದೇ ಹೆಸರು. ಊರಿನ ಕಿವಿಗೆ ಆ ಹೆಸರಷ್ಟೇ ಬಿತ್ತು. ಪರವಾನಗಿಯನ್ನು ತಡೆಹಿಡಿದ ಕಾಗದವನ್ನು ನಾನೇ ಬರೆದು, ನಾನೇ ಒಯ್ದುಕೊಟ್ಟೆ. ರೇಣವ್ವ ಅದನ್ನು ಇಸಿದುಕೊಂಡು, ಅಂದು ಕೊಳ್ಳಲು ಬಂದಿದ್ದ ಗಿರಾಕಿಗೆ, "ಇವತ್ತ ಮಾರೂದಿಲ್ರಿ" ಎಂದಷ್ಟೇ ಹೇಳಿ ಕಪಾಟಿನ ಬಾಗಿಲು ಹಾಕಿದಳು.

ಮುಂದೆ ರೋಣದ ಕೋರ್ಟಿನಿಂದ, ತುಪ್ಪ ಕಾಸಿದವಳೆಂದು ಮಾಳವ್ವನ ಹೆಸರಿಗೆ ಸಮನ್ಸು ಬಂತು. ನಾನೇ ಮಾಳವ್ವನನ್ನೂ ಕರೆಪ್ಪನನ್ನೂ ಕರೆದುಕೊಂಡು ಬಸ್ಸಿನಲ್ಲಿ ರೋಣಕ್ಕೆ ಹೋದೆ. ನನಗೆ ಗುರುತಿನ ವಕೀಲರೊಬ್ಬರಿದ್ದರು, ನಿಧಾನಸ್ಥರು, ಒಳ್ಳೆಯವರು. ಅವರು ಕಾಗದಗಳನ್ನೆಲ್ಲ ಓದಿ ಮುಗಿಸಿ, ಕನ್ನಡಕ ತೆಗೆದು, "ಅಂಜಬ್ಯಾಡಬೇ ಯವ್ವಾ" ಎಂದರು. "ನಿನ್ನ ಪಾಲಿಂದೊಂದು ಬಾಟ್ಲಿ ಐತಲ್ಲ, ಅದನ್ನ ಕೋರ್ಟಿಗೆ ಹಾಜರ ಮಾಡೂಣು. ಅದು ಕಲಕತ್ತಾದ ದೊಡ್ಡ ಪ್ರಯೋಗಶಾಲಿಗೆ ಹೊಕ್ಕೈತಿ. ಅವ್ರು ಚಲೋ ಐತಿ ಅಂದ್ರಂದ್ರ ಮೊದಲಿನ ವರದಿ ಬಿದ್ದಹೊಕ್ಕೈತಿ. ಅವರ ಮಾತ ಕಡೀ ಮಾತು. ಎಲ್ಲೈತಿ ಬಾಟ್ಲಿ? ತಂದೀ ಏನು?"

"ತಂದೀನ್ರಿ" ಎಂದು ಮಾಳವ್ವ ಗಂಟು ಬಿಚ್ಚಿದಳು.

ಮಡಿಚಿದ ಕುಪ್ಪಸದ ಕಣದ ಬಟ್ಟೆಯೊಳಗಿಂದ ಬಾಟಲಿ ಹೊರಗೆ ಬಂತು. ಖಾಲಿಯಾಗಿತ್ತು. ಬೂದಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿದ್ದಳು. ಅರಗಿನ ಚೂರುಗಳನ್ನೂ ದಾರವನ್ನೂ ಸಹ ಬೇರೆ ಚೀಟಿಯಲ್ಲಿ ಕಟ್ಟಿ ತಂದಿದ್ದಳು. ಸರಕಾರಿ ಸಾಮಾನು ವಾಪಸು ಕೊಡುವಾಗ ಹೊಲಸು ಇರಬಾರದೆಂದು.

ವಕೀಲರು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

"ತುಪ್ಪ ಏನಾತಬೇ?"

"ಆಣಿ ಮಾಡಿದ್ನಿರಿ" ಎಂದಳು ಮಾಳವ್ವ. ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ. ಗೆದ್ದು ಬಂದವರ ಸಮಾಧಾನವಿತ್ತು.

ನಡೆದದ್ದು ಇಷ್ಟು. ವರದಿ ಬಂದ ಸುದ್ದಿ ಮುಶಿಗೇರಿಗೆ ಮುಟ್ಟಿದ ದಿನ, ಅವಳ ಹಾಗೆಯೇ ತುಪ್ಪ ಮಾರುತ್ತಿದ್ದ ಅಡಿವೆವ್ವ ಬಾವಿಯ ಕಟ್ಟೆಯ ಮೇಲೆ ನಾಲ್ಕು ಜನರೆದುರು, "ಕಟ್ಟಿ ಏರಿ ಕುಂತ ಮ್ಯಾಲ ಎಣ್ಣೀನೂ ತುಪ್ಪಾನ ಆಕ್ಕೈತಿ ಬಿಡ್ರಬೇ" ಎಂದಿದ್ದಳು. ಅವರೂರಿನಲ್ಲಿ ಹಾಲು, ಬೆಣ್ಣೆ, ತುಪ್ಪದ ಮೇಲೆ ಮಾತು ಬಂದರೆ ಅದನ್ನು ಬಸವಣ್ಣನ ಗುಡಿಯಲ್ಲಿ ಮುಗಿಸುವುದು ಹಿಂದಿನಿಂದ ಬಂದ ಪದ್ಧತಿ. ಮಾತು ಬಂದ ತುಪ್ಪವನ್ನೇ ಹಣತೆಗೆ ಹಾಕಿ, ಬಸವಣ್ಣನ ಮುಂದೆ ಹಚ್ಚಬೇಕು. ಮಾತು ಆಡಿದವರೂ ಆಡಿಸಿಕೊಂಡವರೂ ಎದುರಾಬದುರು ಕುಳಿತಿರಬೇಕು. ಬತ್ತಿ ಚಟಪಟ ಎಂದರೆ, ಕಪ್ಪು ಹೊಗೆ ಬಂದರೆ, ತುಪ್ಪ ಇರುವಾಗಲೇ ಆರಿದರೆ ಮಾರಿದವರದು ತಪ್ಪು. ತುಪ್ಪ ತೀರುವ ತನಕ ನೆಟ್ಟಗೆ ಉರಿದರೆ ಮಾತಾಡಿದವರು ಎದ್ದು ಕಾಲು ಹಿಡಿಯಬೇಕು.

"ಆ ಬಾಟ್ಲಿದ ಯಾಕ ಹಚ್ಚಿದಿ? ಮನ್ಯಾಗ ಗಡಿಗಿ ತುಂಬ ತುಪ್ಪ ಇತ್ತಲ್ಲ" ಎಂದರು ವಕೀಲರು.

ಮಾಳವ್ವ ಅವರನ್ನು, ಇಷ್ಟು ಓದಿದವರಿಗೆ ಇದೂ ತಿಳಿಯದೇ ಎನ್ನುವ ಹಾಗೆ ನೋಡಿದಳು. "ಗಡಿಗ್ಯಾಗಿಂದು ಹಚ್ಚಿದ್ರ ಯಾರು ಒಪ್ತಾರ್ರಿ? ಅದು ಬ್ಯಾರೆ ತುಪ್ಪ, ಆಮ್ಯಾಲ ಕಾಸಿದ್ದು ಅಂತಾರ. ಸಾಹೇಬ್ರು ತಮ್ಮ ಕೈಯಾರೆ ಕಟ್ಟಿದ್ದು ಅದೊಂದ ಇತ್ತು. ಅರಗು ಒಡೀದ ಹಂಗ ಗುಡಿತನಕ ಒಯ್ದು, ಎಲ್ಲಾರ ಕಣ್ಣಿಗೆ ತೋರ್ಸಿ, ಅಲ್ಲೇ ಒಡದ್ನಿರಿ. ಒಂದು ಹನಿ ಉಳಸ್ಲಿಲ್ಲ. ಉಳಸಬಾರ್ದು."

"ದೀಪ ಹ್ಯಾಂಗ ಉರೀತು?" ಎಂದು ವಕೀಲರು ಕೇಳಿದರು. ಅದರಿಂದ ಮೊಕದ್ದಮೆಗೆ ಏನೂ ಪ್ರಯೋಜನವಿರಲಿಲ್ಲ. ಆದರೂ ಕೇಳಿದರು.

ಉತ್ತರ ಕೊಟ್ಟವನು ಕರೆಪ್ಪ. "ಅಳ್ಳಾಡಲಿಲ್ರಿ. ಗಾಳಿ ಬಿಟ್ಟಿತ್ತು, ಆದ್ರೂ ಅಳ್ಳಾಡಲಿಲ್ಲ. ಅಡಿವೆವ್ವ ಅಳಕೋಂತ ಬಂದು ನಮ್ಮಕ್ಕನ ಕಾಲ ಹಿಡದ್ಳು. ಊರಾಗೆಲ್ಲ ಸಕ್ಕರಿ ಹಂಚಿದ್ರು." ಕರೆಪ್ಪನ ಮಾತಿನಲ್ಲಿ ಅರ್ಧ ಬಿಡುವ ಮನಸ್ಸು ನನಗೆ ಅವತ್ತು ಆಗಲಿಲ್ಲ.

ವಕೀಲರು ಬಾಟಲಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಕಾರಕೂನ್ರ," ಎಂದರು, "ಬಸವಣ್ಣಗೂ ಅದ ಬಾಟ್ಲಿ ಬೇಕಾಗಿತ್ತು, ಕೋರ್ಟಿಗೂ ಅದ ಬೇಕಾಗಿತ್ತು. ಇಬ್ರದೂ ಕಾಯದೆ ಒಂದ ಐತಿ. ಬಾಟ್ಲಿ ಒಂದ ಇತ್ತು, ಏನ್ಮಾಡೂದು."

ಅಷ್ಟಾದ ಮೇಲೆಯೇ ಮಾಳವ್ವನಿಗೆ ಏನೋ ತಪ್ಪಿದೆ ಎಂದು ಹೊಳೆದದ್ದು. ವಕೀಲರ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಒಡೀಬಾರ್ದಿತ್ತೇನ್ರಿ?" ಎಂದಳು. ಸಂತೆಯಲ್ಲಿ ಎತ್ತರದ ದನಿಯಲ್ಲಿ ಓದಿದ್ದ ನಾನು ಅರಗಿನ ಚೂರುಗಳನ್ನು ಮತ್ತೆ ಚೀಟಿಯಲ್ಲಿ ಕಟ್ಟತೊಡಗಿದೆ.

ಇನ್ನೊಂದು ಬಾಟಲಿ ಇನ್ಸ್‌ಪೆಕ್ಟರರ ಬಳಿ ಇತ್ತಲ್ಲ, ಅದನ್ನಾದರೂ ಕಳಿಸಿ ಎಂದು ವಕೀಲರು ಅರ್ಜಿ ಹಾಕಿ ನೋಡಿದರು. ಅದು ಸರಕಾರದ ಪಾಲು, ಆಪಾದಿತಳ ಪಾಲನ್ನು ಆಪಾದಿತಳೇ ಹಾಜರುಪಡಿಸಬೇಕು ಎಂದು ಎದುರಿನವರು ವಾದಿಸಿದರು, ಕೋರ್ಟು ಅದನ್ನೇ ಒಪ್ಪಿತು. ಈ ನಡುವೆ ನವೆಂಬರ್ ಬಂತು. ನಾವೆಲ್ಲ ಒಂದು ರಾತ್ರಿ ಮುಂಬಯಿ ರಾಜ್ಯದಲ್ಲಿ ಮಲಗಿ ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದೆವು. ಪ್ರಭುಲಿಂಗಪ್ಪನವರು ಪೇಢೆ ಹಂಚಿ, ಏಕೀಕರಣದಲ್ಲಿ ತಮ್ಮ ಪಾತ್ರವೇನೆಂದು ಒಂದು ತಾಸು ಹೇಳಿದರು. ಮಾಳವ್ವ ಆ ದಿನ ಕಚೇರಿಗೆ ಬಂದು, "ರಾಜ್ಯ ಬದಲಾತಂತಲ್ರಿ. ಹಳೇ ರಾಜ್ಯದ ಖಟ್ಲೆ ಇನ್ನ ಇರ್ತೈತೇನ್ರಿ?" ಎಂದು ಕೇಳಿದಳು. ಇರುತ್ತದೆ ಎಂದೆ. "ಎಲ್ಲಾ ಬದಲಾಗಿ ಅದೊಂದ ಉಳೀತೇನ್ರಿ" ಎಂದು ಹೋದಳು.

ತೀರ್ಪಿನ ದಿನ ಮ್ಯಾಜಿಸ್ಟ್ರೇಟರು ಅವಳಿಗೆ ಕುಳಿತುಕೊಳ್ಳಲು ಹೇಳಿದರು. ಅವಳು ಕೂರಲಿಲ್ಲ. ನಿನ್ನ ಕಡೆಯಿಂದ ಹೇಳುವುದೇನಾದರೂ ಇದೆಯೇ ಎಂದಾಗ, "ಬಸವಣ್ಣನ ಮುಂದ ಹೇಳೀನ್ರಿ" ಎಂದಳು. ಅವರು ತಮ್ಮ ಮುಂದಿರುವ ಕಾಗದದ ಪ್ರಕಾರ ಬೇರೆ ದಾರಿ ಇಲ್ಲವೆಂದು, ಮುದುಕಿಯ ವಯಸ್ಸು ನೋಡಿ ಕೋರ್ಟು ಏಳುವ ತನಕ ಕುಳಿತಿರುವ ಶಿಕ್ಷೆ ಮತ್ತು ದಂಡ ಎಂದು ಬರೆದರು. ಬೇರೆಯವರಿಗೆ ಇದು ಸಣ್ಣ ಶಿಕ್ಷೆ. ಆದರೆ ಶಿಕ್ಷೆಯಾದವರ ಹೆಸರಿನ ಪರವಾನಗಿ ನಮ್ಮ ಮುನ್ಸಿಪಾಲಿಟಿಯ ನಿಯಮದಂತೆ ರದ್ದು. ಆ ಪರವಾನಗಿಯಲ್ಲಿ ರೇಣವ್ವನ ಹೆಸರಿನ ಜೊತೆಗೆ ತಾಯಿಯ ಹೆಸರನ್ನು ಸೇರಿಸಿದವನು ನಾನು. ಅವಿವಾಹಿತ ಹೆಣ್ಣಿನ ಹೆಸರೊಂದೇ ಇದ್ದರೆ ಕಾಗದಕ್ಕೆ ತೂಕವಿರುವುದಿಲ್ಲ ಎಂದು ನನಗನ್ನಿಸಿತ್ತು.

ಸಂಜೆಯ ತನಕ ಮಾಳವ್ವ ಕೋರ್ಟಿನ ಮೂಲೆಯಲ್ಲಿ ಕುಳಿತಿದ್ದಳು. ಇಪ್ಪತ್ತು ವರ್ಷ ನಡೆದವಳು, ಆ ಬೇವಿನ ಗಿಡದ ಬುಡ ಬಿಟ್ಟರೆ, ಒಂದೇ ಕಡೆ ಅಷ್ಟು ಹೊತ್ತು ಕುಳಿತದ್ದನ್ನು ನಾನು ಮೊದಲ ಸಲ ನೋಡಿದೆ. ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಆಡಿದಳು. "ಊರಾಗ ಗೆದ್ನಿ ಅಂತ ರೇಣಿಗೆ ಹೇಳಿಬಿಟ್ಟಿದ್ನೆಲ್ರಿ."

ಮುಶಿಗೇರಿಯಲ್ಲಿ ಯಾರೂ ಅವಳನ್ನು ಅನುಮಾನಿಸಲಿಲ್ಲ. ಮನೆಗೇ ಬಂದು ತುಪ್ಪ ಕೇಳಿದರು. ಅವಳು ಕೊಡಲಿಲ್ಲ. ಪರವಾನಗಿ ಇಲ್ಲದೆ ಮಾರುವುದು ಅಪರಾಧವೆಂದು ನಾನು ಹೇಳಿಕೊಟ್ಟಿದ್ದೆನಲ್ಲ. ಹೇಳಿಕೊಟ್ಟದ್ದರಲ್ಲಿ ಅವಳು ಚೆನ್ನಾಗಿ ಕಲಿತದ್ದು ಅದೊಂದನ್ನೇ. ಎಮ್ಮೆಗಳು ಒಂದೊಂದಾಗಿ ಹೋದವು. ಮರುವರ್ಷ ಶ್ರಾವಣದಲ್ಲಿ ನಾಲ್ಕು ದಿನ ಮಲಗಿ ತೀರಿಕೊಂಡಳು. ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಎಂಟು ದಿನಕ್ಕೆ. ಕರೆಪ್ಪನಿಗೆ ಆರು ಮಕ್ಕಳು. ಅವನು ರೇಣವ್ವನನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗಿ, ಇಟಗಿಯ ಭೀಮವ್ವನ ಗುಡಿಯಲ್ಲಿ ಬಿಟ್ಟುಬಂದ. ಅಲ್ಲಿ ಬಂದ ಭಕ್ತರಿಗೆ ಅಡಿಗೆಯಾಗುತ್ತದೆ. ಕಾಳು ಹಸನು ಮಾಡುವವರು ಬೇಕಾಗುತ್ತದೆ.

ಇದಾದ ಮುಂದಿನ ವರ್ಷ ಕಚೇರಿಯ ಕೆಲಸಕ್ಕೆ ನರಗುಂದಕ್ಕೆ ಹೋಗಿದ್ದೆ. ಊಟಕ್ಕೆ ಕುಳಿತ ಖಾನಾವಳಿಯಲ್ಲಿ ಪಕ್ಕಕ್ಕೆ ಬಂದು ಕುಳಿತವರು ದನದ ಡಾಕ್ಟರು. ಮಾತು ತುಪ್ಪಕ್ಕೆ ಬಂತು. ನಾನು ಮಾಳವ್ವನ ಕಥೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, "ಎಮ್ಮಿಗೆ ಹತ್ತಿಕಾಳು ಹಾಕ್ತಿದ್ರೇನ್ರಿ?" ಎಂದು ಕೇಳಿದರು.

"ನಮ್ಮ ಕಡೆ ಹತ್ತಿಕಾಳು ತಿನ್ನದ ಎಮ್ಮಿ ಯಾವುದೈತ್ರಿ?"

"ಅದಕ್ಕ ಮತ್ತ" ಎಂದರು ಡಾಕ್ಟರು. "ಹತ್ತಿಕಾಳು ಭಾಳ ತಿಂದ ಎಮ್ಮಿ ತುಪ್ಪ ಶುದ್ಧ ಇದ್ರೂ ಆ ಅಂಕಿ ಕೆಳಗ ಬರ್ತೈತಿ. ಹತ್ತಿ ಸೀಮಿಗೆ ಬ್ಯಾರೆ ಲೆಕ್ಕ ಹಿಡೀಬೇಕು. ಆ ಬಾಟ್ಲಿ ಇದ್ದು, ಯಾರರೆ ಇದನ್ನ ಕೋರ್ಟಿನ್ಯಾಗ ಹೇಳಿದ್ರ..." ಮುಂದೆ ಹೇಳದೆ ಮಜ್ಜಿಗೆ ಹಾಕಿಸಿಕೊಂಡರು.

ನನಗೊಂದು ಸಂತೋಷವಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಸತ್ಯ ನನ್ನ ಕೈಗೆ ಸಿಕ್ಕಿದೆ, ಅದನ್ನು ಒಯ್ದು ಮುಟ್ಟಿಸುವವನು ನಾನು ಎಂಬ ಸಂತೋಷ. ಮುಂದಿನ ಅಮಾವಾಸ್ಯೆಗೆ ಇಟಗಿಗೆ ಹೋದೆ.

ರೇಣವ್ವ ಅಡಿಗೆಮನೆಯ ಹಿಂದಿನ ಪಡಸಾಲೆಯಲ್ಲಿ ಮೊರದ ಮುಂದೆ ಕುಳಿತಿದ್ದಳು. ಬೇಳೆಯಲ್ಲಿನ ಹರಳು ಆರಿಸುತ್ತಿದ್ದಳು. ನನ್ನನ್ನು ನೋಡಿ, "ಬರ್ರಿ ಕಾರಕೂನ್ರ" ಎಂದು ಸೆರಗಿನಿಂದ ನೆಲ ಒರೆಸಿದಳು. ನಾನು ಕುಳಿತೊಡನೆ ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದೆ. ನಿಮ್ಮವ್ವನ ತಪ್ಪು ಎಳ್ಳಷ್ಟೂ ಇರಲಿಲ್ಲ, ತುಪ್ಪ ಶುದ್ಧವೇ ಇತ್ತು, ಆದದ್ದೆಲ್ಲ ಹತ್ತಿಕಾಳಿನಿಂದ ಎಂದೆ.

ಅವಳ ಬೆರಳು ಬೇಳೆಯ ಮೇಲೆ ನಿಂತಿತು.

"ಹತ್ತಿಕಾಳು ನಾನ ಹಾಕ್ತಿದ್ನಿರಿ" ಎಂದಳು. "ಹೈನದ ಕೆಲ್ಸದಾಗ ನನಗ ಬರೂದು ಅದೊಂದ ಇತ್ತು. ಕುಂತಲ್ಲೇ ನೆನಸೂದು, ಕುಂತಲ್ಲೇ ರುಬ್ಬೂದು. ಅಂಗಡಿ ಆದ ಮ್ಯಾಲ ತುಪ್ಪ ಹೆಚ್ಚ ಬರ್ಲಿ ಅಂತ ಎರಡ ಪಾಲು ಹಾಕ್ತಿದ್ನಿ. ಅವ್ವ ಬ್ಯಾಡ ಅಂತಿದ್ಳು."

ನಾನು ಎರಡು ವರ್ಷದಿಂದ ಯಾರಿಗೂ ಹೇಳದ್ದನ್ನು ಆಗ ಹೇಳಿದೆ. "ಹತ್ತಿಕಾಳಿಂದಲ್ಲವ್ವ. ಬಾಟ್ಲಿ ಇದ್ದಿದ್ರ ಎಲ್ಲಾ ತಿಳೀತಿತ್ತು. ಅರಗು ಒಡೀಬ್ಯಾಡ ಅಂತ ನಾ ನಿಮ್ಮವ್ವಗ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು."

ಅಡಿಗೆಮನೆಯಿಂದ ಯಾರೋ ಬೇಳೆ ಬೇಗ ಬೇಕೆಂದು ಕೂಗಿದರು. ರೇಣವ್ವ ಒಂದು ಹರಳನ್ನು ಆರಿಸಿ ಬದಿಗಿಟ್ಟು, "ಹೇಳಿದ್ರೂ ಅಕಿ ಕೇಳ್ತಿದ್ದಿಲ್ಲ ಬಿಡ್ರಿ" ಎಂದಳು. "ಮಾತ ಬಂದ ಮ್ಯಾಲ ಮುಚ್ಚಿಟ್ಗೊಂಡು ಕುಂದ್ರೂ ಹೆಂಗಸಲ್ಲ ಅಕಿ."

ಅವಳು ಕೊಟ್ಟದ್ದು ಕ್ಷಮೆಯೋ, ಬರೀ ಮರ್ಯಾದೆಯ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಏಳುವಾಗ ಅವಳು ಕೇಳಿದಳು: "ಆ ಕಟ್ಟಿ ಮ್ಯಾಲ ಈಗ ಯಾರು ಕುಂದರ್ತಾರ್ರಿ?"

"ಹಸನಬಿ ಅಂತ ಐದಾಳ. ಬಳಿ ಮಾರ್ತಾಳ."

"ಚಲೋ ಆತ್ರಿ" ಎಂದಳು. "ಬಳೀ ಕಣ್ಣಿಗೆ ಕಾಣ್ತಾವು. ಒಡದಿದ್ದು ಒಡದೈತಿ ಅಂತ ಯಾರಿಗರೆ ತಿಳೀತೈತಿ."

ಅಷ್ಟು ಹೇಳಿ ಮೊರವನ್ನು ಒಮ್ಮೆ ಕೇರಿ, ಹಸನಾದ ಬೇಳೆಯನ್ನು ಬುಟ್ಟಿಗೆ ಸುರಿದಳು. ಒಳಗಿನವರು ಬಂದು ಬುಟ್ಟಿ ಒಯ್ದು, ಇನ್ನೊಂದು ಮೊರ ತುಂಬ ಬೇಳೆ ತಂದು ಅವಳ ಮುಂದೆ ಇಟ್ಟುಹೋದರು.